ಹಿಲ್ಲಾಳ ಜೀನು, ಯಾರದೋ ಒಣದ್ರಾಕ್ಷಿ

ಜೀನು ಸೇರಿಸದ ತಟ್ಟೆಯಲ್ಲೂ ಯೀಸ್ಟು ಬೆಳೆದು ಕೂತಿತ್ತು. ಎಲ್ಲರ ಕಣ್ಣೂ ಹಿಲ್ಲಾಳ ಮೇಲೆ ಬಿತ್ತು.

ವರ್ಷಗಟ್ಟಲೆ ಒದ್ದಾಡಿ ಅವಳು ಮರದ ತೊಗಟೆಯ ಯೀಸ್ಟಿನಿಂದ ಆ ಜೀನನ್ನು ಬೇರ್ಪಡಿಸಿದ್ದಳು. ಬರ್ಚ್ ಮರದ ಸಕ್ಕರೆ ಸೈಲಿಟಾಲನ್ನು ಅರಗಿಸುವ ಕಿಣ್ವದ ಜೀನು. ಬ್ರೆಡ್ಡಿನ ಯೀಸ್ಟಿಗೆ ಬರೀ ಆ ಸಕ್ಕರೆ ಕೊಟ್ಟರೆ ಉಪವಾಸವೇ ಗತಿ. ಜೀನು ಸೇರಿಸಿದರೆ ನಿಧಾನವಾಗಿ ಬೆಳೆಯಬೇಕು. ಈಗ ನೋಡಿದರೆ ಎರಡೂ ತಟ್ಟೆ ಭರ್ತಿ!

"ಒಂದೋ ಕೈ ಶುದ್ಧ ಇಲ್ಲ, ಇಲ್ಲಾ ಮನಸ್ಸು ಶುದ್ಧ ಇಲ್ಲ," ಎಂದರು ಪ್ರೊಫೆಸರ್ ಆವ್ಲಿಸ್. "ಮೇ ಒಂದರ ವಾಪ್ಪು ಹಬ್ಬ ಮುಗೀಲಿ, ಈ ಕೆಲಸ ನಿನ್ನ ಪಕ್ಕದ ಮೇಜಿನ ಓಸ್ಮೋಗೆ ಕೊಡ್ತೀನಿ."

ನನಗೆ ಮೈ ಉರಿಯಿತು. ಈ ಲ್ಯಾಬಿನ ತಟ್ಟೆ, ಸೀಸೆಗಳನ್ನೆಲ್ಲ ನೋಡಿಕೊಳ್ಳುವವಳು ನಾನು. ಲಾಭ ಯಾರಿಗೋ, ಕಳ್ಳನೂ ಅವನೇ ಅಲ್ಲವೇ?

"ಏನಪ್ಪಾ ಓಸ್ಮೋ, ನಿನ್ನ ಕೈಚಳಕಾನಾ ಇದು?"

"ಕೆರ್ತು, ನೀವೂ ಸರಿ! ನಾನು ಆ ತಟ್ಟೆ ಮುಟ್ಟಿದ್ರೆ ನನ್ನ ಕೈ ಸೇದಿಹೋಗ್ಲಿ!"

ನಾನು ನಂಬಲಿಲ್ಲ. ಸಾಕ್ಷಿ ಹುಡುಕಲೆಂದೇ ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆ ತೆರೆದೆ. ಗಮ್ಮೆಂದು ನಿಂಬೆಯ ವಾಸನೆ. ಹಿಲ್ಲಾಳ ತಟ್ಟೆಗಳಿದ್ದ ಜಾಗ ಅಂಟಂಟು. ಮೇಲಿನ ಜಾಲರಿ ಹಲಗೆಯ ಮೂಲೆಯಲ್ಲಿ ಒಂದು ಬಾಟಲಿ ಅಡಗಿ ಕೂತಿತ್ತು, ಒಳಗೆ ಒಣದ್ರಾಕ್ಷಿ ತೇಲುತ್ತಿತ್ತು. ದ್ರಾಕ್ಷಿ ಮೇಲೆ ಬಂತೆಂದರೆ ಸಕ್ಕರೆ, ನಿಂಬೆ, ಯೀಸ್ಟು ಹಾಕಿ ಹುಳಿಸುವ ಹಬ್ಬದ ಸಿಮಾ ಪಾನಕ ಸಿದ್ಧ, ಇಲ್ಲಿನ ಮಕ್ಕಳಿಗೂ ಗೊತ್ತು. ಅದು ನೊರೆಯುಕ್ಕಿ ಕೆಳಗಿನ ತಟ್ಟೆಗಳಿಗೆ ತೊಟ್ಟಿಕ್ಕಿತ್ತು. ಪಾನಕದ ಸಕ್ಕರೆಯೇ ತೊಟ್ಟಿಕ್ಕಿದ ಮೇಲೆ ಯೀಸ್ಟಿಗೆ ಉಪವಾಸವೆಲ್ಲಿ!

ಬಾಟಲಿಯನ್ನು ತಂದು ಕಾಫಿ ಮೇಜಿನ ಮೇಲೆ ಕುಕ್ಕಿದೆ. "ಯಾರದಿದು?" ಎಂದು ಓಸ್ಮೋನನ್ನೇ ದುರುಗುಟ್ಟಿ ನೋಡಿದೆ. ಅವನು ಪ್ರೊಫೆಸರ್ ಕಡೆ ನೋಡಿದ.

"ಮನೇಲಿ ಚಳಿ… ಇಲ್ಲಾದ್ರೆ ಬೇಗ ಆಗುತ್ತೆ ಅಂತ…" ಆವ್ಲಿಸ್ ಕಿವಿ ಕೆಂಪಾಗಿತ್ತು.

ಥೂ! ಅವರನ್ನೊಬ್ಬರನ್ನು ಬಿಟ್ಟು ಎಲ್ಲರನ್ನೂ ಅನುಮಾನಿಸಿದ್ದೆವಲ್ಲ!

ಪೆಟ್ಟಿಗೆ ತೊಳೆದೆ. ಹಿಲ್ಲಾ ಮತ್ತೆ ಮೊದಲಿಂದ ಮಾಡಿದಳು. ಈ ಸಲ ಜೀನಿಲ್ಲದ ತಟ್ಟೆ ಬರಿದು. ಜೀನಿದ್ದ ತಟ್ಟೆಯಲ್ಲಿ ಮಾತ್ರ ನಿಧಾನವಾಗಿ ಸಾಸಿವೆಯಷ್ಟು ಚುಕ್ಕೆಗಳು ಎದ್ದವು.

"ಭೇಷ್! ಗೆದ್ದೋರು ಕೇಕ್ ತರೋದು ನಮ್ಮ ಲ್ಯಾಬಿನ ಪದ್ಧತಿ. ಮರೀಬೇಡ ಹಿಲ್ಲಾ!" ಎಂದು ಆವ್ಲಿಸ್ ಚಪ್ಪಾಳೆ ತಟ್ಟಿದರು. ತಪ್ಪಾಯ್ತು ಅನ್ನುವ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.

"ತರ್ತೀನಿ," ಎಂದಳು ಹಿಲ್ಲಾ. "ನಿಮ್ಮ ತುಂಡಿಗೆ ಒಣದ್ರಾಕ್ಷಿ ಜಾಸ್ತಿ ಹಾಕ್ಲಾ?"