ಕಿವಿಯ ಹಿಂದಿನ ಮನುಷ್ಯ

ಆಮದಾರ, ಎಂದರೆ ಶಾಸಕ, ಚಂದ್ರಶೇಖರ ಸಾಹೇಬರಿಗೆ ಅಕ್ಕಲಕೋಟೆ ತಾಲೂಕಿನ ಮನೆಮನೆಯೂ ಗೊತ್ತು ಎಂದು ಜನ ಹೊಗಳುತ್ತಿದ್ದರು. ಸುಳ್ಳು. ಗೊತ್ತಿದ್ದದ್ದು ಅಮೋಗಸಿದ್ಧನಿಗೆ. ಸೋಲಾಪುರದಲ್ಲಿ ಹುಟ್ಟಿ ಬೆಳೆದ ಈ ವಕೀಲ ಸಾಹೇಬರಿಗೆ ಯಾವ ಹಳ್ಳಿಯಲ್ಲಿ ಯಾರಿದ್ದಾರೆ, ಯಾರು ಸತ್ತಿದ್ದಾರೆ ಎಂಬುದು ಎಲ್ಲಿಂದ ತಿಳಿಯಬೇಕು? ಮೊದಲ ಚುನಾವಣೆಯಲ್ಲಿ ಚಪಳಗಾಂವದ ಗೋದೂಬಾಯಿಯನ್ನು ಕಂಡು 'ಯಜಮಾನ್ರು ಆರಾಮ ಅದಾರೇನ್ರಿ' ಎಂದು ಕೇಳಿದ್ದರು. ಆ ಯಜಮಾನ ಮಣ್ಣಾಗಿ ವಾರವೂ ಆಗಿರಲಿಲ್ಲ. ಮಾತು ತಾಲೂಕೆಲ್ಲ ಸುತ್ತಿತು, ಸಾಹೇಬರು ಮಣ್ಣುಮುಕ್ಕಿದರು.

ಮುಂದಿನ ಸಲ ನಾಗಣಸೂರದ ಅಮೋಗಸಿದ್ಧನನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅವನು ಊರೂರಿಗೆ ಟಮಟಮ್ ರಿಕ್ಷಾ ಓಡಿಸುತ್ತಿದ್ದವ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು, ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಎದುರಿಗೆ ಯಾರಾದರೂ ಬಂದರೆ ಸಾಹೇಬರು ಕತ್ತನ್ನು ಕೊಂಚ ಹಿಂದಕ್ಕೆ ವಾಲಿಸುತ್ತಿದ್ದರು.

'ರೇವಣ್ಣ. ತಂಗಿ ತೀರಿಕೊಂಡಾಳ,' ಎಂದು ಇವನು ಕಿವಿಯಲ್ಲಿ ಉಸುರುವುದು.

'ರೇವಣ್ಣಾ, ತಂಗೀ ಸುದ್ದಿ ಕೇಳಿ ನನಗ ಊಟ ಸೇರಲಿಲ್ಲಪಾ,' ಎಂದು ಅವರು ಅಪ್ಪಿಕೊಳ್ಳುವುದು. ರೇವಣ್ಣ ಅವರ ಹೆಗಲ ಮೇಲೆ ತಲೆಯಿಟ್ಟು ಅಳುವುದು.

ಹೀಗೆ ಮೂರು ಸಲ ಗೆದ್ದರು, ಮೂರು ಪಕ್ಷಗಳಿಂದ. ಬಾವುಟ ಬದಲಾಯಿತು, ಹೆಗಲಿನ ಶಲ್ಯದ ಬಣ್ಣ ಬದಲಾಯಿತು, ಕಿವಿಯ ಹಿಂದಿನ ಮನುಷ್ಯ ಮಾತ್ರ ಬದಲಾಗಲಿಲ್ಲ. ಇದಕ್ಕೆ ಅವನು ನಿಷ್ಠೆ ಎಂದು ಹೆಸರಿಟ್ಟುಕೊಂಡಿದ್ದ. ಊರವರ ದುಃಖವನ್ನು ಹೆಕ್ಕಿ ತಂದು ಇನ್ನೊಬ್ಬರ ಬಾಯಿಗೆ ಹಾಕುವುದಕ್ಕೆ ಬೇರೆ ಹೆಸರೂ ಇದ್ದೀತು ಎಂದು ಅವನಿಗೆ ಹೊಳೆಯಲೇ ಇಲ್ಲ.

ಈ ಸಲ ಜಿಲ್ಲಾ ಪರಿಷತ್ ಚುನಾವಣೆ ಬಂದಾಗ ಅವನ ಊರಿನ ಕ್ಷೇತ್ರ ಮಹಿಳೆಗೆ ಮೀಸಲಾಯಿತು. 'ಬ್ಯಾರೆ ಯಾರ್ ಅದಾರೋ? ನಿನ್ನ ಸುಮಿತ್ರಾನ ನಿಲ್ಲಸೂದು,' ಎಂದು ಸಾಹೇಬರು ನಾಲ್ಕು ಜನರೆದುರಿಗೇ ಹೇಳಿದರು. ಅವನ ಹೆಂಡತಿ ಸುಮಿತ್ರಾಬಾಯಿ ಅಂಗನವಾಡಿ ಸೇವಿಕೆ, ಹದಿನೆಂಟು ವರ್ಷದ ಕೆಲಸ. ಅದನ್ನು ಬಿಡದೆ ಚುನಾವಣೆಗೆ ನಿಲ್ಲುವ ಹಾಗಿರಲಿಲ್ಲ.

'ಟಿಕೀಟು ಕೈಗೆ ಬರಲಿ, ಆಮ್ಯಾಲ ರಾಜೀನಾಮಾ ಕೊಡ್ತೀನಿ,' ಎಂದಳು ಅವಳು.

'ಸಾಹೇಬ್ರ ಮಾತಿನ ಮ್ಯಾಲ ಸಂಶಯ ಪಡ್ತೀಯೇನು?' ಎಂದು ಗಂಡ ರೇಗಿದ. ಅವಳು ರಾಜೀನಾಮೆ ಬರೆದುಕೊಟ್ಟಳು.

ಅರ್ಜಿ ಹಾಕುವ ಕಡೆಯ ದಿನ ಇಬ್ಬರೂ ಬೆಳಿಗ್ಗೆಯೇ ಅಕ್ಕಲಕೋಟೆಯ ತಹಸೀಲ ಕಚೇರಿಗೆ ಬಂದರು. ಮೂರು ಗಂಟೆಯೊಳಗೆ ಪಕ್ಷದ ಎಬಿ ಫಾರ್ಮು ಅರ್ಜಿಯ ಜೊತೆ ಸೇರಬೇಕು, ಇಲ್ಲದಿದ್ದರೆ ಪಕ್ಷವೂ ಇಲ್ಲ, ಚಿಹ್ನೆಯೂ ಇಲ್ಲ. ಆ ಫಾರ್ಮನ್ನು ಸಾಹೇಬರು ಯಾವಾಗಲೂ ಕಡೆಯ ಗಳಿಗೆಯವರೆಗೆ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಸಿಗದವನಿಗೆ ಬಂಡಾಯ ಏಳಲು ಪುರುಸೊತ್ತು ಸಿಗಬಾರದು, ಅಷ್ಟೇ. ಈ ಉಪಾಯ ಅಮೋಗಸಿದ್ಧನಿಗೆ ಚೆನ್ನಾಗಿ ಗೊತ್ತಿತ್ತು. ಅದು ಬೇರೆಯವರಿಗೆ ಎಂದು ಅವನು ನಂಬಿದ್ದ.

ಎರಡೂವರೆಗೆ ಸಾಹೇಬರ ಗಾಡಿ ಬಂತು. ಅಮೋಗಸಿದ್ಧ ಓಡಿಹೋಗಿ ತನ್ನ ಜಾಗದಲ್ಲಿ ನಿಂತ. ಎದುರಿನಿಂದ ತಂಪುಕನ್ನಡಕವನ್ನು ತಲೆಗೇರಿಸಿಕೊಂಡ ಹೆಂಗಸೊಬ್ಬಳು ಕೈಮುಗಿಯುತ್ತ ಬಂದಳು. ಸಾಹೇಬರ ಕತ್ತು ಹಿಂದಕ್ಕೆ ವಾಲಿತು. ಅಮೋಗಸಿದ್ಧನ ಬಾಯಿ ಅವನನ್ನು ಕೇಳದೆಯೇ ಉಸುರಿತು.

'ಶ್ರೀಲೇಖಾ. ಸೋಲಾಪುರದ ಗುತ್ತೇದಾರ ಪರಾಗನ ಹೆಂಡ್ತಿ.'

'ಬರ್ರಿ ಶ್ರೀಲೇಖಾತಾಯಿ,' ಎಂದು ಸಾಹೇಬರು ಜೇಬಿನಿಂದ ಫಾರ್ಮು ತೆಗೆದು ಅವಳ ಕೈಗೆ ಕೊಟ್ಟರು. ತಾವೇ ಟಿಕೀಟು ಕೊಡುತ್ತಿದ್ದ ಅಭ್ಯರ್ಥಿಯ ಹೆಸರೂ ಮಹಾಶಯರಿಗೆ ನೆನಪಿರಲಿಲ್ಲ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಶ್ರೀಲೇಖಾ ಒಳಗೆ ಹೋಗಿ ಅರ್ಜಿ ಸಲ್ಲಿಸಿ ಬಂದಳು.

'ಸಾಹೇಬ್ರ, ಸುಮಿತ್ರಾಂದು...' ಎಂದ ಅಮೋಗಸಿದ್ಧ.

'ಮ್ಯಾಲಿಂದ ಆದೇಶ ಬಂತು. ಮುಂದಿನ ಸಲ ನೋಡೂಣು. ಶ್ರೀಲೇಖಾತಾಯಿಗೆ ಊರಾನ ಮಂದಿ ಗುರ್ತ ಇಲ್ಲ. ಇವತ್ತಿನಿಂದ ನೀ ಅವರ ಹಿಂದ ಇರು.'

ಇಲ್ಲ ಎನ್ನಬಹುದಿತ್ತು. ಇಷ್ಟು ವರ್ಷ ಇನ್ನೊಬ್ಬರ ಕಿವಿಗೇ ಮಾತಾಡಿದವನಿಗೆ ತನ್ನದೊಂದು ಮಾತು ಬಾಯಿಗೆ ಬರಲಿಲ್ಲ. 'ಹೂಂನ್ರಿ' ಎಂದ.

ಬೇವಿನ ಮರದ ಕೆಳಗೆ ನಾಗಣಸೂರದ ಹೆಂಗಸರು ನಿಂತಿದ್ದರು. ಅವರ ನಡುವೆ ಸುಮಿತ್ರಾಬಾಯಿ, ಕೈಯಲ್ಲಿ ತುಂಬಿದ ಅರ್ಜಿಯ ಫೈಲು. ಶ್ರೀಲೇಖಾ ನೇರ ಅಲ್ಲಿಗೇ ನಡೆದಳು. 'ಹ್ಯಾ ಕೋಣ?' ಎಂದು ಮರಾಠಿಯಲ್ಲಿ, ಯಾರಿವರು ಎಂದು, ಕತ್ತು ಹಿಂದಕ್ಕೆ ವಾಲಿಸಿದಳು. ವಿದ್ಯೆ ಎಷ್ಟು ಬೇಗ ಹತ್ತಿತು ನೋಡಿ.

ಅಮೋಗಸಿದ್ಧನ ಬಾಯಿ ಈಗಲೂ ತನ್ನ ಕೆಲಸ ಮಾಡಿತು. 'ಸುಮಿತ್ರಾಬಾಯಿ. ಹೋದ ತಿಂಗಳ ಅವ್ವ ತೀರಿಕೊಂಡಾಳ.'

ಶ್ರೀಲೇಖಾ ಅವಳ ಎರಡೂ ಕೈ ಹಿಡಿದಳು. 'ಸುಮಿತ್ರಾಬಾಯಿ, ಅವ್ವನ ಸುದ್ದಿ ಕೇಳಿ ಭಾಳ ವಾಯಿಟ, ಕೆಟ್ಟ ಅನಿಸ್ತರಿ.'

ಅವ್ವನ ಮಣ್ಣಿಗೆಂದು ಮಂಗಳವೇಢೆಗೆ ಹೋದ ಹೆಂಡತಿಯನ್ನು, ಪ್ರಚಾರದ ಸಭೆಯಿದೆ ಎಂದು ಅದೇ ಸಂಜೆ ಎಸ್‌ಟಿ ಬಸ್ಸು ಹತ್ತಿಸಿ ಕರೆತಂದಿದ್ದ ಅಮೋಗಸಿದ್ಧ. ಅವಳು ಇನ್ನೂ ಮನಸ್ಸು ಬಿಚ್ಚಿ ಅತ್ತಿರಲಿಲ್ಲ.

ಸುಮಿತ್ರಾಬಾಯಿ ಕೈ ಬಿಡಿಸಿಕೊಂಡಳು. ಶ್ರೀಲೇಖಾಳ ಕಡೆ ನೋಡಲೂ ಇಲ್ಲ, ಗಂಡನನ್ನು ನೋಡಿದಳು.

'ನೌಕರಿ ಹೋತು, ಹೋಗ್ಲಿ,' ಎಂದಳು. 'ನಮ್ಮವ್ವನ್ನೂ ಇವರಿಗೆ ಕೊಟ್ಟುಬಿಟ್ರೇನು?'