ಎದುರು ಮನೆಗೆ ಹೋಗುವ ದಾರಿ

ಟೈಲರಮ್ಮನ ಅಂಗಡಿಯ ಎದುರಿಗೇ ಅವಳ ಅಕ್ಕನ ಮನೆ. ನಡುವೆ ಇದ್ದದ್ದು ಒಂದೇ ರಸ್ತೆ. ಆದರೆ ಆ ರಸ್ತೆಯನ್ನು ಅಗಲ ಮಾಡಿದ ಮೇಲೆ ಅದನ್ನು ನಡೆದು ದಾಟಿದವರೇ ಇಲ್ಲ. ಬಿಳಿ ಪಟ್ಟೆ ಬಳಿದಿದ್ದರು, ಇಲ್ಲವೆನ್ನಲಾರೆ. ಅದನ್ನು ಕಂಡರೆ ಗಾಡಿಯವರು ಇನ್ನೂ ಜೋರಾಗಿ ಬರುತ್ತಿದ್ದರು, ಎಲ್ಲಿ ಯಾರಾದರೂ ದಾಟಿಬಿಟ್ಟಾರೋ ಎಂದು. ಬಸ್ಸು ಹತ್ತಿ ಊರಾಚೆಯ ಸರ್ಕಲ್ ಸುತ್ತಿ ಬರಲು ಅರ್ಧ ದಿನ ಬೇಕು. ಹಾಗಾಗಿ ಅಕ್ಕತಂಗಿಯರು ಕಿಟಕಿಯಿಂದ ಕೈ ಬೀಸಿಕೊಂಡು, ಫೋನಿನಲ್ಲಿ ಜಗಳವಾಡಿಕೊಂಡು ದಿನ ತಳ್ಳುತ್ತಿದ್ದರು. ಇದೂ ಒಂದು ಬಾಳೇ?

ಒಂದು ಮಧ್ಯಾಹ್ನ ಅಕ್ಕನ ಮನೆ ಮುಂದೆ ಲಾರಿ ನಿಂತಿತು. ಬೀರು, ಮಂಚ ಹೊರಗೆ ಬಂದವು. ಟೈಲರಮ್ಮ ಕತ್ತರಿ ಕೆಳಗಿಟ್ಟಳು. ಫೋನ್ ಮಾಡಿದಳು.

"ಎಲ್ಲಿಗಕ್ಕಾ ಹೊರಟಿದ್ದು?"

"ನಿಮ್ಮ ಭಾವಂಗೆ ವರ್ಗ ಆಯ್ತು. ತುಂಬಾ ದೂರ. ಇನ್ನು ಕಿಟಕೀಲೂ ಕಾಣಲ್ಲ ನಾನು."

"ಒಂದು ಮಾತು ಹೇಳ್ಬಾರ್ದಾ?"

"ಹೇಳಿದ್ರೆ ಬಂದ್ಬಿಡ್ತಿದ್ಯಾ?"

"ಇರು, ಬಂದೆ."

"ಬಂದೆ ಬಂದೆ ಅಂತಾನೇ ಇಷ್ಟು ವರ್ಷ ಆಯ್ತು ಕಣೇ," ಎಂದು ಅಕ್ಕ ಫೋನ್ ಇಟ್ಟುಬಿಟ್ಟಳು.

ಟೈಲರಮ್ಮ ಓಡಿಹೋಗಿ ರಸ್ತೆಗೆ ಒಂದು ಕಾಲಿಟ್ಟಳು. ಅವಳ ಚಪ್ಪಲಿಯನ್ನು ಒಂದು ಕಾರು ಎಳೆದುಕೊಂಡೇ ಹೋಯಿತು. ಕಾಲು ಉಳಿದದ್ದೇ ಪುಣ್ಯ.

ಪಕ್ಕದಂಗಡಿಯ ಸೈಕಲ್ ರಿಪೇರಿಯವನು ನೋಡುತ್ತ ಕೂತಿದ್ದ. ಸೈಕಲ್ ತುಳಿಯುವವರೇ ಇಲ್ಲವಾದ ಮೇಲೆ ಅವನಿಗೆ ನೋಡುವುದೇ ಕೆಲಸ.

"ಬದುಕಿರೋರಿಗೆ ಇಲ್ಲಿ ಯಾರೂ ಗಾಡಿ ನಿಲ್ಸಲ್ಲ, ಅಮ್ಮಾ," ಎಂದ. "ಮೊನ್ನೆ ಮೂಲೆ ಮನೆ ಅಜ್ಜ ಹೋದ್ರಲ್ಲ, ಹೆಣ ಬಂದಾಗ ನೋಡ್ಬೇಕಿತ್ತು. ಬಸ್ಸೂ ನಿಂತ್ವು, ಲಾರೀನೂ ನಿಂತ್ವು. ಒಬ್ಬ ಡ್ರೈವರ್ ಅಂತೂ ಇಳಿದು ಕಣ್ಣು ಒರೆಸ್ಕೊಂಡ. ಅಜ್ಜಂಗೆ ಗುದ್ದಿದ್ದೂ ಅವನೇ."

ಟೈಲರಮ್ಮ ಅವನ ಮುಖ ನೋಡಿದಳು. ಆಮೇಲೆ ತನ್ನ ಬಟ್ಟೆ ಕತ್ತರಿಸುವ ಹಲಗೆಯನ್ನು ನೋಡಿದಳು. ಅದರ ಮೇಲಿದ್ದ ಬಟ್ಟೆಗಳನ್ನೆಲ್ಲ ಕೆಳಗೆ ತಳ್ಳಿದಳು. ಆ ಕಡೆ ಹಾಸಿಗೆಗಳು ಆಗಲೇ ಲಾರಿ ಏರುತ್ತಿದ್ದವು.

ಸೈಕಲಿನವನು, ಬೇಕರಿಯವನು, ಕ್ಷೌರದವನು, ಅವನ ತಮ್ಮ, ನಾಲ್ವರೂ ಅವಳು ಮಲಗಿದ ಹಲಗೆಗೆ ಹೆಗಲು ಕೊಟ್ಟರು. ಮೇಲೆ ಬಿಳಿ ಲೈನಿಂಗ್ ಬಟ್ಟೆ ಹೊದಿಸಿದ್ದರು.

"ಜೋರಾಗಿ ಉಸಿರು ಬಿಡ್ಬೇಡಿ, ಬಟ್ಟೆ ಕುಣಿಯುತ್ತೆ," ಎಂದ ಬೇಕರಿಯವನು.

"ಇಷ್ಟು ಭಾರ ಇದ್ದೀರಿ ಅಂತ ಗೊತ್ತಿರ್ಲಿಲ್ಲ," ಎಂದ ಕ್ಷೌರದವನು. ಹೆಣ ಉತ್ತರ ಕೊಡುವ ಹಾಗಿರಲಿಲ್ಲ. ಇಲ್ಲವಾದರೆ ಸರಿಯಾಗಿ ಕೊಟ್ಟಿರುತ್ತಿತ್ತು.

ಏನು ಹೇಳಲಿ, ಇಡೀ ರಸ್ತೆ ಗಪ್‌ಚುಪ್. ಗಾಡಿಗಳು ನಿಂತವು. ಟ್ರಾಫಿಕ್ ಪೊಲೀಸ್ ಟೋಪಿ ತೆಗೆದ. ದಾಟಲಿಕ್ಕೆ ಎಷ್ಟೋ ಹೊತ್ತಿನಿಂದ ಕಾದಿದ್ದವರೆಲ್ಲ ಮುಖ ಸಪ್ಪೆ ಮಾಡಿಕೊಂಡು ಹಿಂದೆಯೇ ಹೊರಟರು.

ಅಕ್ಕ ಕಿಟಕಿಯ ಪರದೆ ಬಿಚ್ಚುತ್ತಿದ್ದಳು. ತಂಗಿಯ ಅಂಗಡಿಯಿಂದ ಹೆಣ ಬರುವುದನ್ನು ಕಂಡಳು. ಬಟ್ಟೆಯಾಚೆ ಚಾಚಿದ್ದ ಕಾಲುಗಳನ್ನು ಕಂಡಳು. ಅವಳಿಗೆ ಆ ಕಾಲುಗಳ ಗುರುತು ಬೇರೆ ಹೇಳಬೇಕೇ? ಎದೆ ಬಡಿದುಕೊಳ್ಳುತ್ತ ನಡುರಸ್ತೆಗೆ ಓಡಿಬಂದಳು. ಹೊತ್ತವರು ಗಾಬರಿಬಿದ್ದು ಹಲಗೆ ಕೆಳಗಿಳಿಸಿದರು.

"ಬರ್ತೀನಿ ಅಂದ್ಯಲ್ಲೇ," ಎಂದು ಅಕ್ಕ ಗೋಳಾಡಿದಳು. "ಹೀಗಾ ಬರೋದು?"

ಟೈಲರಮ್ಮನಿಗೆ ಕರುಳು ಚುರುಕ್ಕೆಂದಿತು. ಎದ್ದು ಕೂತಳು.

"ಅಳ್ಬೇಡ ಅಕ್ಕಾ. ನಾನು ಸತ್ತಿಲ್ಲ."

ಅಷ್ಟೇ ಸಾಕಾಯಿತು. ಮೊದಲು ಒಂದು ಹಾರ್ನ್, ಆಮೇಲೆ ನೂರು.

"ಜೀವ ಇದೆಯಂತೆ, ಸರೀರಿ ಆ ಕಡೆ," ಎಂದು ಯಾವನೋ ಬೈದ. ಪೊಲೀಸ್ ಟೋಪಿ ಹಾಕಿಕೊಂಡು ಸೀಟಿ ಊದಿದ. ಗಾಡಿಗಳು ಗುರುಗುಟ್ಟುತ್ತ ಮೈಮೇಲೆಯೇ ಬಂದವು.

ಅಕ್ಕ ಒಮ್ಮೆ ತಂಗಿಯನ್ನು ನೋಡಿದಳು, ಒಮ್ಮೆ ಮೊಣಕಾಲಿಗೆ ತಾಗಿದ ಬಂಪರನ್ನು ನೋಡಿದಳು.

"ಸ್ವಲ್ಪ ಸರ್ಕೊಳೇ," ಎಂದು ಪಕ್ಕದಲ್ಲೇ ಮಲಗಿ, ಇಬ್ಬರ ಮುಖದ ಮೇಲೂ ಬಟ್ಟೆ ಎಳೆದುಕೊಂಡಳು.

ಹಾರ್ನ್ ನಿಂತಿತು. ಟೋಪಿ ಮತ್ತೆ ಕೆಳಗಿಳಿಯಿತು. ನಾಲ್ವರೂ ಹಲ್ಲು ಕಚ್ಚಿ ಹಲಗೆ ಎತ್ತಿದರು.

"ಯಾವ ಕಡೆ ಹೋಗೋದು?" ಎಂದು ಸೈಕಲಿನವನು ಪಿಸುದನಿಯಲ್ಲಿ ಕೇಳಿದ.

"ಯಾವ ಕಡೇನೂ ಬೇಡ," ಎಂದಳು ಅಕ್ಕ ಬಟ್ಟೆಯೊಳಗಿನಿಂದ. "ಸ್ವಲ್ಪ ಹೊತ್ತು ಇಲ್ಲೇ ನಿಂತಿರಿ. ನಾವು ಮಾತಾಡ್ಬೇಕು."