ಮೂಟೆಗಳಿದ್ದ ಜಾಗ

ಗೋಡೌನಿನ ಬಾಗಿಲು ತೆಗೆದವನೇ ಇಂದುಧರ ಒಂದು ಸಲ ಚಪ್ಪಾಳೆ ತಟ್ಟಿದ. ಅದು ಅವನ ಅಭ್ಯಾಸ. ಬೇರೆ ಭಾನುವಾರವಾಗಿದ್ದರೆ ಆ ಸದ್ದು ಕೊಬ್ಬರಿ ಮೂಟೆಗಳ ನಡುವೆ ಅಲ್ಲೇ ಅಡಗಿಹೋಗುತ್ತಿತ್ತು. ಇವತ್ತು ನಾಲ್ಕು ಗೋಡೆಗಳೂ ತಗಡಿನ ಸೂರೂ ಸೇರಿಕೊಂಡು ಅವನಿಗೇ ತಿರುಗಿ ಚಪ್ಪಾಳೆ ತಟ್ಟಿದವು. ಲೈಟು ಹಾಕಿದರೆ ಒಂದು ಮೂಟೆಯೂ ಇಲ್ಲ! ಗುಡಿಸಿ ಬಿಟ್ಟ ನೆಲ, ಮೂಲೆಯಲ್ಲಿ ಅವನ ಎರಡು ಸ್ಪೀಕರು, ಟೇಬಲ್ಲಿನ ಮೇಲೆ ಪಂಚೆ ಹೊದಿಸಿದ ರೆಕಾರ್ಡ್ ಪ್ಲೇಯರು, ಅಷ್ಟೇ.

"ಅಮ್ಮಾ!"

ಸುಮಿತ್ರಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹಿತ್ತಿಲಿನಿಂದ ಬಂದರು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಕೊಬ್ಬರಿ ಮಂಡಿ ನಡೆಸಿದ ಹೆಂಗಸು. ಮಗನ ಕೂಗಿಗೆಲ್ಲ ಹೆದರುವವರಲ್ಲ.

"ಏನು ಹಂಗೆ ಕಿರುಚ್ತೀಯಾ? ನೀನು ತಿಪಟೂರಿಗೆ ಗೃಹಪ್ರವೇಶಕ್ಕೆ ಹೋಗಿದ್ಯಲ್ಲ, ಶುಕ್ರವಾರ ಮೂಟೆನೆಲ್ಲ ಟೆಂಡರಿಗೆ ಹಾಕ್ಸಿ ಮಾರಿಸ್ಬಿಟ್ಟೆ. ನಾಲ್ಕು ತಿಂಗಳಿಂದ ರೇಟು ಏರುತ್ತೆ, ಏರುತ್ತೆ ಅಂತ ಕೂತಿದ್ಯಲ್ಲ, ಹುಳ ಬೀಳೋವರ್ಗೂ ಕಾಯ್ತಿದ್ಯಾ?"

ರೇಟಿನ ಕಥೆ ಇಂದುಧರ ಕಟ್ಟಿದ್ದ ಶುದ್ಧ ಸುಳ್ಳು. ಮೂರು ಗೋಡೆಗೂ ಸೂರಿನವರೆಗೆ ಮೂಟೆ ಒಟ್ಟಿದಾಗ ಆ ಗೋಡೌನಿನಲ್ಲಿ ಜಾಜ್ ಕೇಳುವ ಸುಖವೇ ಬೇರೆಯಾಗಿತ್ತು. ಡ್ರಮ್ಮು ಇದ್ದಲ್ಲೇ ಇರುತ್ತಿತ್ತು, ಪಿಯಾನೋ ಒಂದು ಮಾರು ಪಕ್ಕದಲ್ಲಿ ಕೂತಿರುತ್ತಿತ್ತು, ಸ್ಯಾಕ್ಸೋಫೋನಿನವನ ಉಸಿರು ಕೂಡ ಕೇಳುತ್ತಿತ್ತು. ಬೆಂಗಳೂರಿನ ಯಾವ ಸ್ಟುಡಿಯೋದಲ್ಲೂ ಇಂಥ ಸದ್ದಿಲ್ಲ ಎಂದು ಅವನು ಆಣೆ ಮಾಡಿ ಹೇಳುತ್ತಿದ್ದ. ಬೆಂಗಳೂರಿನ ಒಂದು ಸ್ಟುಡಿಯೋದೊಳಗೂ ಅವನು ಕಾಲಿಟ್ಟಿರಲಿಲ್ಲ, ಅದು ಬೇರೆ ಮಾತು. ಹಾಡಿಗೋಸ್ಕರ ಕೊಬ್ಬರಿ ಹಿಡಿದಿಟ್ಟುಕೊಂಡಿದ್ದೇನೆ ಎಂದು ಅಮ್ಮನ ಎದುರು ಹೇಳುವ ಧೈರ್ಯ ಯಾರಿಗಿದೆ?

ಅದೂ ಇವತ್ತೇ ಹೀಗಾಗಬೇಕೇ! ಇವತ್ತು ಅರೇಹಳ್ಳಿಯಿಂದ ಧರ್ಮಪ್ಪ ಬರುವವರಿದ್ದರು.

ಧರ್ಮಪ್ಪನವರನ್ನು ಹುಡುಕಿದ್ದು ಭವ್ಯಾ. ಅವಳು ಗೆಂಡೆಹಳ್ಳಿಯವಳು, ಬೇಲೂರಿನ ಕಡೆ ಬಸ್ ಕಂಡಕ್ಟರು. ಎರಡು ವರ್ಷದ ಹಿಂದೆ ಅವಳ ಬಸ್ಸಿನಲ್ಲಿ ಇಂದುಧರನ ಇಯರ್‌ಫೋನು ಕಿತ್ತುಬಂದು, ತುಂಬಿದ ಬಸ್ಸಿಗೆಲ್ಲ ಬೇಸ್ ಗಿಟಾರು ಗುಂಯ್‌ಗುಟ್ಟಿತ್ತು. ಟಿಕೆಟ್ ಹರಿಯುತ್ತಿದ್ದವಳು ಅಲ್ಲೇ ನಿಂತು, "ಅಯ್ಯೋ, ಇದು ನನ್ ಫೋನಲ್ಲೂ ಐತೆ ಕಣ್ರೀ!" ಎಂದಿದ್ದಳು. ಅಂದಿನಿಂದ ರಜೆಯ ಭಾನುವಾರವೆಲ್ಲ ಅವಳು ಗೋಡೌನಿಗೆ ಹಾಜರು. ಅವಳಿಗೆ ಮೈ ಕುಣಿಸುವ ಫಂಕ್ ಎಂದರೆ ಪ್ರಾಣ, ಇವನಿಗೆ ಜಾಜ್. ನಿಮ್ಮದು ನಿದ್ದೆ ಬರಿಸುತ್ತೆ ಎಂದು ಅವಳು, ನಿನ್ನದು ನಿದ್ದೆ ಕೆಡಿಸುತ್ತೆ ಎಂದು ಇವನು. ಕಳೆದ ತಿಂಗಳು ಅವಳು ಸೀಟಿನ ಸಾಲಿನಲ್ಲಿ ಏನೋ ಗುನುಗುತ್ತಾ ಬಂದಾಗ ಮುದುಕರೊಬ್ಬರು ಕೈ ಹಿಡಿದು ನಿಲ್ಲಿಸಿ, "ಮಗಾ, ನನ್ತಾವ ನಮ್ ಎಸ್ಟೇಟ್ ಸಾಹುಕಾರ್ರು ಕೊಟ್ಟ ಇಂಥವು ಒಂದು ಪೆಟ್ಟಿಗೆ ರೆಕಾರ್ಡ್ ಅವೆ. ಹಾಕಾಕೆ ಮಿಷನ್ ಇಲ್ಲ" ಎಂದಿದ್ದರು.

ಹನ್ನೊಂದೂವರೆಗೆ ಭವ್ಯಾ ಅವರನ್ನು ಕರೆದುಕೊಂಡು ಬಂದೇಬಿಟ್ಟಳು. ಧರ್ಮಪ್ಪ ಟವೆಲ್ಲಿನಲ್ಲಿ ಸುತ್ತಿದ್ದ ಒಂದೇ ಒಂದು ಸಣ್ಣ ರೆಕಾರ್ಡನ್ನು ಎದೆಗೆ ಒತ್ತಿ ಹಿಡಿದಿದ್ದರು. ಮೇಲಿನ ಚೀಟಿ ಅಳಿಸಿಹೋಗಿ ಯಾರ ಹಾಡು, ಯಾವ ಊರಿನದು, ಒಂದೂ ತಿಳಿಯುತ್ತಿರಲಿಲ್ಲ.

"ನಾನು ಎಸ್ಟೇಟ್‌ನಲ್ಲಿ ಜೀಪ್ ಡ್ರೈವರಾಗಿದ್ದೆ ಕಣಪ್ಪ. ಸಾಹುಕಾರ್ರು ಭಾನುವಾರ ಭಾನುವಾರ ಇದ್ನೇ ಹಾಕೋರು. ನಾನು ಅಂಗ್ಳದಲ್ಲಿ ಜೀಪ್ ತೊಳೀತಾ ಕೇಳೋನು. ನಡುವೆ ಊದೋನು ಉಸ್ರು ತಗಳಾಕೆ ನಿಲ್ಲಿಸ್ತಾನೆ. ಆಗ ಹಿಂದ್ಗಡೆ ಯಾರೋ ಒಬ್ಬ ನಗ್ತಾನೆ. ಸಣ್ಣ ನಗೆ. ಅವನು ನಕ್ಕಾಗೆಲ್ಲ ನಾನೂ ನಗೋನು." ಎಡಗಿವಿ ಮುಟ್ಟಿಕೊಂಡರು. "ಇದು ಪೂರ್ತಿ ಹೋಯ್ತು. ಬಲಗಡೇದು ಹೊಂಟೈತೆ. ಹೋಗೋದ್ರೊಳಗೆ ಆ ನಗೆ ಒಂದ್ಸಲ ಕೇಳ್ಬುಡಾನ ಅಂತ ಬಂದೆ."

ಇಂದುಧರ ಭವ್ಯಾಳ ಮುಖ ನೋಡಿದ. ಅವಳು ಖಾಲಿ ಗೋಡೌನು ನೋಡುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ, ಛತ್ರದಲ್ಲಿ, ಸದ್ದು ಮಾರ್ದನಿಸುವ ಕಡೆಯೆಲ್ಲ ತಮಗೆ ಮಾತು ಕಲಸಿಹೋಗುತ್ತೆ ಎಂದು ಧರ್ಮಪ್ಪ ಅನ್ನುತ್ತಿದ್ದರೆಂದು ಅವಳೇ ಹೇಳಿದ್ದಳು. ಅದಕ್ಕೇ ಅವರನ್ನು ಇಲ್ಲಿಗೆ ಕರೆತಂದದ್ದು.

"ಮೂಟೆ ಎಲ್ಲಿ ಇಂದಣ್ಣ?" ಎಂದು ಪಿಸುಗುಟ್ಟಿದಳು.

"ಹೋದ್ವು."

ಬೇರೆ ದಾರಿಯಿರಲಿಲ್ಲ, ಸೂಜಿ ಇಟ್ಟ. ಬೇಸ್ ಗಿಟಾರು ಶುರುವಾಯಿತು, ಶುರುವಾದದ್ದು ಸೂರಿಗೆ ಹೋಗಿ ತಗಡನ್ನೇ ನಡುಗಿಸಿತು. ಡ್ರಮ್ಮಿನ ಒಂದು ಏಟು ನಾಲ್ಕಾಗಿ ಕೇಳಿತು. ಧರ್ಮಪ್ಪ ಬಲಗಿವಿಯ ಹಿಂದೆ ಅಂಗೈ ಮರೆಮಾಡಿ, ಕಣ್ಣು ಕಿರಿದು ಮಾಡಿ, ಕುರ್ಚಿಯ ತುದಿಗೆ ಬಂದು ಕೂತರು. ಸ್ಯಾಕ್ಸೋಫೋನು ನಿಂತಿತೋ ಇಲ್ಲವೋ ಇಂದುಧರನಿಗೇ ತಿಳಿಯಲಿಲ್ಲ. ಹಾಡು ಮುಗಿಯಿತು.

"ಚೆನ್ನಾಗೈತೆ. ಭಾಳ ಚೆನ್ನಾಗೈತೆ ಬುಡಿ" ಎಂದು ಧರ್ಮಪ್ಪ ಟವೆಲ್ ಬಿಡಿಸಿ ಹಿಡಿದರು.

"ನಗು ಕೇಳಿಸ್ತಾ ತಾತ?" ಎಂದಳು ಭವ್ಯಾ.

"ಅದಾ... ಹಳೇದಲ್ವಾ ಮಗಾ, ಸವ್ದೋಗಿರ್ಬೇಕು. ಹೊರಡಾನ, ಮೂರು ಗಂಟೆ ಬಸ್ ಐತೆ."

ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದ ಸುಮಿತ್ರಮ್ಮ ಮುದುಕರ ಅಂಗೈಯನ್ನೂ ನೋಡಿದರು, ಮಗನ ಮುಖವನ್ನೂ ನೋಡಿದರು. ಕಾಫಿ ಕೊಟ್ಟು, ಮಗನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದರು.

"ಏನೋ ಅದು? ಅಳೋ ಹಂಗಾಗಿದ್ಯಲ್ಲ."

ಅವನು ಎಲ್ಲವನ್ನೂ ಹೇಳಿಬಿಟ್ಟ. ಸದ್ದು, ಮೂಟೆ, ನಗು, ರೇಟಿನ ಸುಳ್ಳು.

"ಹಾಡು ಕೇಳೋಕೆ ನಾಲ್ಕು ತಿಂಗಳು ಕೊಬ್ಬರಿ ಇಟ್ಕೊಂಡಿದ್ಯಾ?" ಸುಮಿತ್ರಮ್ಮ ಹಣೆ ಚಚ್ಚಿಕೊಂಡರು. "ನಿಮ್ಮಪ್ಪ ಇದ್ದಿದ್ರೆ ಎದೆ ಒಡ್ಕೊಂಡ್ ಸಾಯೋರು! ಅಲ್ಲ, ಮೂಟೆ ಏನ್ ಮಾಡುತ್ತೆ ಅಲ್ಲಿ?"

"ಸುಮ್ನೆ ಇರುತ್ತಮ್ಮ. ಗೋಣಿ ಮೆತ್ತಗೆ, ಮೂಟೆ ದಪ್ಪಗೆ ಇರುತ್ತಲ್ಲ, ಸದ್ದು ನುಂಗ್ಕೊಳ್ಳುತ್ತೆ."

ಸುಮಿತ್ರಮ್ಮ ಚಪ್ಪಲಿ ಮೆಟ್ಟಿಕೊಂಡು, "ಆ ಯಜಮಾನ್ರಿಗೆ ಊಟಕ್ಕೆ ಬಡಿಸು. ನಾನು ಬರೋವರ್ಗೂ ಬಿಡ್ಬೇಡ" ಎಂದು ಹೊರಟೇಹೋದರು.

ಪಕ್ಕದ ಬೀದಿಯ ಮಠದಲ್ಲಿ ಭಾನುವಾರ ಮಧ್ಯಾಹ್ನ ಅಕ್ಕನ ಬಳಗದ ಹೆಂಗಸರು ವಚನ ಹಾಡಲು ಸೇರುತ್ತಿದ್ದರು. ಒಂದೂವರೆಗೆ ಅವರೆಲ್ಲ ಮೆರವಣಿಗೆ ಹೊರಟ ಹಾಗೆ ಗೋಡೌನಿನ ಬಾಗಿಲಿಗೆ ಬಂದರು, ಮೂವತ್ತಕ್ಕೆ ಕಮ್ಮಿಯಿಲ್ಲ. ಒಬ್ಬರ ಕಂಕುಳಲ್ಲಿ ರಗ್ಗು, ಇನ್ನೊಬ್ಬರ ತಲೆಯ ಮೇಲೆ ಸುತ್ತಿದ ಹಾಸಿಗೆ. ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಗೋಣಿಚೀಲಗಳನ್ನು ಭವ್ಯಾ ಕಿಟಕಿಗೆ ಕಟ್ಟಿದಳು. ನಡುವೆ ಧರ್ಮಪ್ಪನವರ ಕುರ್ಚಿ ಬಿಟ್ಟು ಹೆಂಗಸರು ಸುತ್ತಲೂ ಒತ್ತೊತ್ತಾಗಿ ಕೂತರು.

"ಮೂಟೆ ಹಂಗೆ ಕೂತ್ಕೊಬೇಕು. ಮಾತಿಲ್ಲ, ಕತೆಯಿಲ್ಲ, ಅಲ್ಲಾಡ್ಬಾರ್ದು" ಎಂದು ಸುಮಿತ್ರಮ್ಮ ಅಪ್ಪಣೆ ಮಾಡಿದರು.

"ಏನ್ರೀ ಸುಮಿತ್ರಮ್ಮ, ನಮ್ಮನ್ನ ಕೊಬ್ಬರಿ ಮೂಟೆ ಮಾಡ್ಬಿಟ್ರಲ್ಲ!" ಎಂದರು ರುಕ್ಮಿಣಮ್ಮ. ಬಳಗದಲ್ಲೇ ಅವರದು ದೊಡ್ಡ ಮೈಕಟ್ಟು.

"ನಿಮ್ಮನ್ನ ಎರಡು ಅಂತ ಲೆಕ್ಕ ಹಿಡಿದೀನಿ, ಸುಮ್ನಿರಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಇಂದುಧರ ಟೇಬಲ್ಲಿನ ಬಳಿ ನಿಂತು ಚಪ್ಪಾಳೆ ತಟ್ಟಿದ. ಸದ್ದು ಅಲ್ಲೇ ಸತ್ತಿತು.

ಸೂಜಿ ಇಟ್ಟ. ಈ ಸಲ ಬೇಸ್ ಗಿಟಾರು ಎಲ್ಲೂ ಓಡಾಡದೆ ಎದುರಿಗೇ ಬಂದು ನಿಂತಿತು. ಅದರ ಪಕ್ಕಕ್ಕೆ ಡ್ರಮ್ಮು ಬಂತು, ಒಂದು ಏಟು ಒಂದೇ ಏಟಾಗಿ. ಸ್ಯಾಕ್ಸೋಫೋನು ಶುರುವಾಗುವಷ್ಟರಲ್ಲಿ ರುಕ್ಮಿಣಮ್ಮನ ಭುಜ ಕುಣಿಯುತ್ತಿತ್ತು. ಸುಮಿತ್ರಮ್ಮ ಕಣ್ಣು ಬಿಟ್ಟು ಹೆದರಿಸಿದರು, ಅಷ್ಟರಲ್ಲಿ ಹಿಂದಿನ ಸಾಲಿನ ತಲೆಗಳೂ ತೂಗತೊಡಗಿದ್ದವು. ಸುಮಿತ್ರಮ್ಮನ ಕಾಲಿನ ಹೆಬ್ಬೆರಳು ಯಾವಾಗ ಶುರುಮಾಡಿತೋ ಅವರಿಗೇ ಗೊತ್ತಾಗಲಿಲ್ಲ. ಭವ್ಯಾ ಇಂದುಧರನ ಕಡೆ ತಿರುಗಿ, ಇದು ಫಂಕ್ ಎಂದು ಸದ್ದಿಲ್ಲದೆ ತುಟಿಯಾಡಿಸಿದಳು. ಜಾಜ್ ಎಂದು ಇವನೂ ತುಟಿಯಾಡಿಸಿದ.

ಧರ್ಮಪ್ಪ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡೇ ಇದ್ದರು. ಸ್ಯಾಕ್ಸೋಫೋನು ಏರಿತು, ಇನ್ನೂ ಏರಿತು, ಗಕ್ಕನೆ ನಿಂತಿತು. ಮೂವತ್ತು ಹೆಂಗಸರೂ ಉಸಿರು ಬಿಗಿಹಿಡಿದಿದ್ದರು.

ದೂರದಲ್ಲಿ ಯಾರೋ ಸಣ್ಣಗೆ ನಕ್ಕರು.

ಧರ್ಮಪ್ಪನವರೂ ನಕ್ಕರು. ಸ್ಯಾಕ್ಸೋಫೋನು ಮತ್ತೆ ಶುರುವಾದರೂ ಅವರ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ಕೈ ಕಿವಿಯಿಂದ ಇಳಿದು ತೊಡೆಯ ಮೇಲೆ ಬಂದಿತ್ತು. ಅಂಗೈ ಅಲ್ಲೇ ದುಂಡಗೆ, ತಾಳಕ್ಕೆ ಸರಿಯಾಗಿ ತಿರುಗುತ್ತಿತ್ತು, ಜೀಪಿನ ಬಾನೆಟ್ಟು ಒರೆಸುವ ಹಾಗೆ.